ಕಾನಿಯೊನ ಹೆಗಲ ಮೇಲಿನ ಈರುಳ್ಳಿ

ಬೆಳಿಗ್ಗೆಯಿಂದ ನನ್ನ ಮೂಗು ತುರಿಸುತ್ತಿತ್ತು. ಆದರೆ ಅತ್ತೆ ದೊನಾತಾ ಪಕ್ಕದಲ್ಲಿರುವಾಗ ಐದು ತಿಂಗಳ ಬಸುರಿ ತನ್ನ ಮೂಗು ತಾನು ಮುಟ್ಟಿಕೊಳ್ಳುವುದುಂಟೇ!

"ಕೈ ಕೆಳಗೆ!" ಎಂದು ರೋಮ್ ಶಹರದ ನಡುಬೀದಿಯಲ್ಲಿ ಕಿರುಚಿದರು. ಮುಂದೆ ಹೋಗುತ್ತಿದ್ದ ಇಬ್ಬರು ಪೊಲೀಸರು ಬೆಚ್ಚಿ ತಿರುಗಿ ನೋಡಿದರು.

"ಮೂಗು ತುರಿಸ್ತಿದೆ ಅತ್ತೆ."

"ತುರಿಸ್ಲಿ. ಈಗ ತಾನೆ ಆ ಪೀಚ್ ಹಣ್ಣಿನ ಗಾಡಿ ನೋಡ್ದೆ. ನೋಡ್ದೆಯೋ ಇಲ್ವೋ?"

"ಕಣ್ಣಿದೆ, ನೋಡ್ದೆ. ಅದ್ರಲ್ಲೇನು?"

"ಆಸೆ ಆಯ್ತಾ?"

"ಇಲ್ಲ."

"ನಿಂಗೆ ಆಗ್ದೇ ಇರ್ಬಹುದು, ಒಳಗಿರೋದಕ್ಕೆ ಆಗಿರತ್ತೆ. ಮೂಗಿನ ಮೇಲೆ ಪೀಚ್ ಹಣ್ಣು ಹೊತ್ಕೊಂಡು ಹುಟ್ಟಿದ್ರೆ ಆಮೇಲೆ ಅದನ್ನ ಯಾರು ಮದುವೆ ಆಗ್ತಾರೆ?"

ಹೋಗಿ ಹಣ್ಣು ಕೊಂಡು ತಂದರು. ಕೊನೆಯ ಚೂರು ನನ್ನ ಗಂಟಲಲ್ಲಿ ಇಳಿಯುವವರೆಗೆ ಎದುರು ನಿಂತು ಕಾವಲು ಕಾದರು.

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಬಸುರಿ ಏನಕ್ಕಾದರೂ ಆಸೆಪಟ್ಟು, ಅದು ಸಿಗದೆ, ಆ ಗಳಿಗೆಯಲ್ಲಿ ತನ್ನ ಮೈಮೇಲೆ ಎಲ್ಲಿ ಕೈಯಿಟ್ಟಳೋ, ಹುಟ್ಟುವ ಮಗುವಿನ ಮೈಯಲ್ಲಿ ಅಲ್ಲೇ ಆ ವಸ್ತುವಿನ ಆಕಾರದ ಮಚ್ಚೆ ಬೀಳುತ್ತದೆ. ತೀರಾ ತಡೆಯದಿದ್ದರೆ ಕೈಯನ್ನು ಕುಂಡಿಯ ಮೇಲೆ ಇಟ್ಟುಕೊಳ್ಳಬೇಕು, ಮಚ್ಚೆ ಬಿದ್ದರೂ ಚಡ್ಡಿಯೊಳಗೆ ಅಡಗಿರುತ್ತದೆ. ನಾನು ಇದನ್ನೆಲ್ಲ ನಂಬುವವಳಲ್ಲ. ಆದರೆ ನಂಬುವುದಿಲ್ಲ ಎಂದು ಅತ್ತೆಯೆದುರು ಹೇಳುವ ಹಾಗಿಲ್ಲ, ಏಕೆಂದರೆ ಅವರ ಬಳಿ ಸಾಕ್ಷಿ ಇದೆ. ಸಾಕ್ಷಿ ನನ್ನ ಗಂಡ ಕಾನಿಯೊ.

ಕಾನಿಯೊನ ಬಲ ಹೆಗಲ ಮೇಲೆ ಕಂದು ಬಣ್ಣದ ಒಂದು ಮಚ್ಚೆಯಿದೆ. ದುಂಡಗೆ, ತಲೆಯ ಮೇಲೊಂದು ಸಣ್ಣ ಚೂಪು. ಥೇಟ್ ಈರುಳ್ಳಿ. ಅವನು ಹೊಟ್ಟೆಯಲ್ಲಿದ್ದಾಗ ಅತ್ತೆಗೆ ಒಂದು ಸಂಜೆ ಚರ್ಚಿನಲ್ಲಿ ಪ್ರಾರ್ಥನೆಯ ನಡುವೆ ಕೆಂಪು ಈರುಳ್ಳಿ ಕಚ್ಚಿ ತಿನ್ನಬೇಕೆಂದು ಜೀವ ಹೋಗುವಷ್ಟು ಆಸೆಯಾಯಿತಂತೆ. ಪಾದ್ರಿಗಳೆದುರು ಈರುಳ್ಳಿ ಎಲ್ಲಿಂದ ಬರಬೇಕು? ಈ ಕಥೆಯನ್ನು ನಮ್ಮ ಮದುವೆಯ ಊಟದಲ್ಲೂ ಮೈಕು ಹಿಡಿದು ಹೇಳಿದ್ದರು. ಶಾಲೆಯಲ್ಲಿ ಅವನನ್ನು ಈರುಳ್ಳಿ ಕಾನಿಯೊ ಎಂದೇ ಕರೆಯುತ್ತಿದ್ದರು. ಆ ಸಿಟ್ಟಿಗೆ ಅವನು ಇವತ್ತಿಗೂ ಈರುಳ್ಳಿ ಮುಟ್ಟುವುದಿಲ್ಲ, ನಾನು ಸಾರಿಗೆ ಕದ್ದು ಹಾಕಬೇಕು.

ಕಾನಿಯೊ ನಮ್ಮ ಬೆಟ್ಟದೂರಿನಿಂದ ರೋಮಿನ ಮಾರುಕಟ್ಟೆಗೆ ಚೀಸು, ಒಣಮೆಣಸಿನಕಾಯಿ ಸಾಗಿಸುವ ಲಾರಿ ಓಡಿಸುತ್ತಾನೆ. ಈ ಸಲ ಹಟ ಹಿಡಿದು ನಾನೂ ಹತ್ತಿದೆ. ಒಬ್ಬಳನ್ನೇ ಕಳಿಸುವುದು ಹೇಗೆ ಎಂದು ಅತ್ತೆ ನನ್ನ ಹಿಂದೆಯೇ ಹತ್ತಿದರು. ಸಂಜೆ ಕರೆದುಕೊಂಡು ಹೋಗುತ್ತೇನೆ ಎಂದು ಅವನು ನಮ್ಮನ್ನು ನದಿಯ ಪಕ್ಕ ಇಳಿಸಿ ಹೋದ. ಅತ್ತೆಯ ಹೆಗಲಲ್ಲಿ ಒಂದು ಚೀಲ. ಅದರಲ್ಲಿ ಅಂಜೂರ, ಆಲಿವ್, ಚೀಸು, ಕರಿದ ಮೆಣಸಿನಕಾಯಿ, ಬಾದಾಮಿ ಬಿಸ್ಕತ್ತು. ನನಗೆ ಯಾವ ಬಯಕೆ ಯಾವಾಗ ಹುಟ್ಟಿದರೂ ಅಲ್ಲೇ ಅದರ ಬಾಯಿ ಮುಚ್ಚಿಸಬೇಕು, ಅದಕ್ಕೆ ಆ ಸಿದ್ಧತೆ.

ಹಾಗಾಗಿ ನಾನು ಕೊಲೊಸಿಯಮ್ಮನ್ನು ಆಲಿವ್ ಅಗಿಯುತ್ತಾ ನೋಡಿದೆ. ತ್ರೇವಿ ಕಾರಂಜಿಯನ್ನು ಐಸ್‌ಕ್ರೀಮ್ ನೆಕ್ಕುತ್ತಾ ನೋಡಿದೆ. ಎದುರು ಬೆಂಚಿನಲ್ಲಿ ಯಾರೋ ಹಂದಿಮಾಂಸದ ಬ್ರೆಡ್ಡು ತಿನ್ನುತ್ತಿದ್ದರು. ನನ್ನ ಕಣ್ಣು ಅತ್ತ ಹೊರಳಿದ್ದೇ ತಡ, ಅತ್ತೆ ಹೋಗಿ, "ನಮ್ಮ ಹುಡುಗಿ ಬಸುರಿ, ಒಂದು ತುತ್ತು ಕೊಡಪ್ಪ" ಎಂದು ಕೇಳಿಯೇಬಿಟ್ಟರು. ಪುಣ್ಯಾತ್ಮ ಅರ್ಧ ಮುರಿದು ಕೊಟ್ಟ. ನಾಚಿಕೆಯಿಂದ ಸಾಯುವ ಹಾಗಾಯಿತು, ಆದರೆ ಬ್ರೆಡ್ಡು ಬಹಳ ರುಚಿಯಾಗಿತ್ತು.

ನಿಜ ಹೇಳಬೇಕೆಂದರೆ ನನಗೆ ಆಸೆಯಿದ್ದದ್ದು ಒಂದಕ್ಕೇ. ಸ್ಯಾನ್ ಪಿಯೆತ್ರೊ ಚರ್ಚಿನ ಗುಮ್ಮಟ ಹತ್ತಬೇಕು. ನಮ್ಮೂರಿನ ತುದಿಯಲ್ಲಿ ನಿಂತರೆ ಕಾಣುವುದು ಇನ್ನೊಂದು ಗುಡ್ಡ, ಅದರಾಚೆ ಮತ್ತೊಂದು ಗುಡ್ಡ. ಒಂದೇ ಒಂದು ಸಲ ಎತ್ತರಕ್ಕೆ ಹೋಗಿ, ಕಾಲ ಕೆಳಗೆ ಜನ ತುಂಬಿದ ದೊಡ್ಡ ಊರೊಂದನ್ನು ಕಣ್ತುಂಬ ನೋಡಬೇಕು. ಮಗು ಬಂದ ಮೇಲೆ ನನ್ನನ್ನು ಯಾರು ಲಾರಿ ಹತ್ತಿಸುತ್ತಾರೆ? ಡಾಕ್ಟರೂ ಹತ್ತು, ಆದರೆ ನಿಧಾನ ಎಂದಿದ್ದರು. ನಮ್ಮೂರಲ್ಲಿ ಬ್ರೆಡ್ಡು ತರಲು ಹೋದರೂ ಮೆಟ್ಟಿಲೇ ತಾನೇ.

ಆ ಚರ್ಚಿನ ಎದುರಿನ ಚೌಕಕ್ಕೆ ಬಂದಾಗ ಆಸೆ ತಡೆಯದೆ ಹೇಳಿಯೇಬಿಟ್ಟೆ. ಅತ್ತೆ ತಲೆಯೆತ್ತಿ ಗುಮ್ಮಟ ನೋಡಿದರು, ಆಮೇಲೆ ನನ್ನ ಹೊಟ್ಟೆ ನೋಡಿದರು.

"ತಲೆ ಕೆಟ್ಟಿದ್ಯಾ ಒರ್ನೆಲ್ಲಾ? ಮುಂದಿನ ಸಲ ಹತ್ತೀಯಂತೆ, ನಡಿ."

ಹೇಳಿದವರೇ ನಡೆಯದೆ, ಹೆಗಲ ಮೇಲಿನ ಚೀಲ ಸರಿಮಾಡಿಕೊಳ್ಳುತ್ತಾ ನಿಂತರು. ನನಗೋ ಕಣ್ಣಲ್ಲಿ ನೀರು ಬಂತು. ಅಳು ಬಂದರೆ ನನಗೆ ಹಿಂದೆಯೇ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ತಲೆ ಚುರುಕಾಗುತ್ತದೆ.

"ಅತ್ತೆ, ನಂಗೆ ಬಯಕೆ ಆಗಿದೆ," ಎಂದೆ.

ಅವರ ಮುಖ ಅರಳಿತು. ಚೀಲದ ಬಾಯಿ ಬಿಚ್ಚಿದರು. "ಬಂತಾ! ಏನ್ ಬೇಕು ಹೇಳು. ಚೀಸಾ? ಅಂಜೂರಾನಾ?"

"ಅದು," ಎಂದು ಗುಮ್ಮಟ ತೋರಿಸಿದೆ.

"ತಿನ್ನೋದು ಹೇಳೇ!"

"ತಿನ್ನೋದಲ್ಲ. ಹತ್ತೋದು."

"ಅಂಥದ್ದೊಂದು ಬಯಕೆ ಎಲ್ಲಾದ್ರೂ ಇದೆಯಾ? ಬಯಕೆ ಅಂದ್ರೆ ಬಾಯಿಗೆ!"

ನಾನು ಮೆಲ್ಲಗೆ ಕೈಯೆತ್ತಿದೆ. ತೋರುಬೆರಳನ್ನು ಹಣೆಯ ಹತ್ತಿರ ತಂದೆ. "ಹಣೆ ಮೇಲೆ ಗುಮ್ಮಟ ಇಟ್ಕೊಂಡು ಹುಟ್ಟಿದ್ರೆ ಆಮೇಲೆ ನನ್ನ ಬೈಬೇಡಿ."

ಕಿರುಚುತ್ತಾರೆ, ಕೈಗೆ ಹೊಡೆಯುತ್ತಾರೆ ಅಂದುಕೊಂಡಿದ್ದೆ. ಅತ್ತೆಯ ಮುಖದ ಬಣ್ಣವೇ ಹೋಯಿತು. ನನ್ನ ಬೆರಳು ನೋಡಿದರು, ಗುಮ್ಮಟ ನೋಡಿದರು, ಮತ್ತೆ ಬಹಳ ಹೊತ್ತು ಗುಮ್ಮಟವನ್ನೇ ನೋಡಿದರು. ಆಮೇಲೆ ನನ್ನ ಮಣಿಕಟ್ಟು ಹಿಡಿದು, ಚೀಲ ಹೆಗಲಿಗೇರಿಸಿ, ಟಿಕೆಟ್ಟಿನ ಸಾಲಿಗೆ ದರದರ ಎಳೆದುಕೊಂಡು ಹೋದರು.

ಟಿಕೆಟ್ ಕೊಡುವವನು ದಪ್ಪ ಮೀಸೆಯ ಮೆದು ಮನುಷ್ಯ. ನನ್ನ ಹೊಟ್ಟೆ ಕಂಡು ಅವನ ಹುಬ್ಬು ಮೇಲೇರಿತು.

"ತಾಯಿ, ಲಿಫ್ಟ್ ಇರೋದು ಅರ್ಧಕ್ಕೆ ಮಾತ್ರ. ಮುಂದಿನ ಮೆಟ್ಟಿಲು ಬಹಳ ಇಕ್ಕಟ್ಟು. ನನ್ನ ಕೇಳಿದ್ರೆ ಬೇಡ ಅಂತೀನಿ."

"ನಾನು ನಿನ್ನ ಕೇಳಿದ್ನಾ?" ಎಂದರು ಅತ್ತೆ. ಮತ್ತೆ ಸ್ವರ ತಗ್ಗಿಸಿ, "ಬಯಕೆ ಕಣಪ್ಪ," ಎಂದರು.

ಅವನು ತಕ್ಷಣ ಎದ್ದು ನಿಂತ. "ಅಯ್ಯೋ, ಮೊದ್ಲೇ ಹೇಳ್ಬಾರ್ದಾ! ನಮ್ಮ ಚಿಕ್ಕಮ್ಮನ ಮಗಳಿಗೆ ಕತ್ತಿನ ಮೇಲೆ ಮೀನಿದೆ. ಬೇಸಿಗೇಲಿ ಕೆಂಪಗಾಗತ್ತೆ ಪಾಪ."

"ನಮ್ಮಣ್ಣನಿಗೆ ಮೊಣಕಾಲಲ್ಲಿ ಸ್ಟ್ರಾಬೆರಿ," ಎಂದಳು ಸಾಲಿನ ಹಿಂದಿನಿಂದ ಒಬ್ಬಾಕೆ. "ಬಿಡ್ರೀ, ಮುಂದೆ ಬಿಡ್ರೀ ಅವರನ್ನ!"

ಇಡೀ ಸಾಲು ಗೋಡೆಗೆ ಸರಿಯಿತು. ಮಹಾರಾಣಿಯ ಹಾಗೆ ನಡುವೆ ನಡೆದುಹೋದೆ.

ಲಿಫ್ಟ್ ಇಳಿದ ಮೇಲೆ ಶುರುವಾಯಿತು ನೋಡಿ. ಗುಮ್ಮಟದ ಎರಡು ಗೋಡೆಗಳ ನಡುವೆ ಮೆಟ್ಟಿಲು. ಗೋಡೆ ಬಾಗಿದ ಹಾಗೆ ನಾವೂ ಬಾಗಿ ನಡೆಯಬೇಕು. ನನ್ನ ಹೊಟ್ಟೆ ಮುಂದೆ, ನಾನು ಅದರ ಹಿಂದೆ, ನನ್ನ ಹಿಂದೆ ಏದುಸಿರು ಬಿಡುತ್ತಾ ಅತ್ತೆ. "ಬಿದ್ರೆ ನನ್ನ ಮೇಲೆ ಬೀಳು. ನಾನಂತೂ ಸಾಯೋಳೇ, ಮೊಮ್ಮಗು ಉಳೀಲಿ," ಎನ್ನುತ್ತಿದ್ದರು.

"ಮಂಡಿ ನೋವಿದ್ರೆ ಕೆಳಗೇ ಇರಿ ಅಂದಿದ್ದೆ ತಾನೆ?"

"ಬಾಯ್ಮುಚ್ಚಿ ಹತ್ತು!"

ಒಂದು ಕಿಟಕಿಯ ಹತ್ತಿರ ಅವರ ಚೀಲ ಗೋಡೆಗಳ ನಡುವೆ ಸಿಕ್ಕಿಕೊಂಡಿತು. ಹಿಂದೆ ಜನ ನಿಂತರು. ಅತ್ತೆ ಹೆದರುವವರೇ? ಅಲ್ಲೇ ಚೀಲ ಬಿಚ್ಚಿ, ಅಂಜೂರ, ಬಿಸ್ಕತ್ತು, ಚೀಸು, ಎಲ್ಲವನ್ನೂ ಹಿಂದಿದ್ದವರಿಗೆ ಹಂಚಿಬಿಟ್ಟರು. ಯಾವ ಯಾವ ದೇಶದವರೋ, ಬಾಗಿದ ಗೋಡೆಗೆ ಒರಗಿಕೊಂಡು ನಮ್ಮೂರ ಮೆಣಸಿನಕಾಯಿ ಕರುಮುರು ಅಗಿದರು. ಖಾಲಿ ಚೀಲವನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಅತ್ತೆ ಮತ್ತೆ ಹತ್ತಿದರು.

ಕೊನೆಗೆ ಗಾಳಿ ಬಂತು. ಹೊರಗೆ ಕಾಲಿಟ್ಟೆವು.

ದೇವರೇ! ಊರೆಂದರೆ ಊರು. ಕೆಂಪು ಹಂಚಿನ ಮಾಡುಗಳು, ನೂರೆಂಟು ಚರ್ಚುಗಳು, ನಡುವೆ ಹರಿಯುವ ನದಿ, ಟೆರೇಸಿನ ಮೇಲೆ ಬಟ್ಟೆ ಒಣಹಾಕುತ್ತಿದ್ದ ಯಾರೋ ಹೆಂಗಸು. ನನಗೆ ನಗು ಬಂತು. ಸುಮ್ಮನೆ, ಕಾರಣವಿಲ್ಲದೆ, ನಿಲ್ಲಿಸಲಾರದ ನಗು. ಹೊಟ್ಟೆಯೊಳಗೂ ಒಂದು ಒದೆತ ಬಿತ್ತು. ಅತ್ತೆಗೆ ಹೇಳೋಣವೆಂದು ತಿರುಗಿದರೆ ಅವರು ಕಂಬಿ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

"ಅತ್ತೆ! ಏನಾಯ್ತು? ಮಂಡಿನಾ?"

"ಅದು ಈರುಳ್ಳಿ ಅಲ್ಲ ಕಣೆ," ಎಂದರು.

"ಯಾವ್ದು?"

"ಕಾನಿಯೊ ಹೆಗಲ ಮೇಲಿರೋದು."

ಅವರು ಮೂಗು ಒರೆಸಿಕೊಂಡು ಹೇಳಿದರು.

"ಆಗ ನಂಗೂ ಐದು ತಿಂಗ್ಳು. ನನ್ನತ್ತೆ ಜೊತೆ ಚರ್ಚಿನವರ ಬಸ್ಸಲ್ಲಿ ಯಾತ್ರೆಗೆ ಬಂದಿದ್ದೆ. ಕೆಳಗೆ ಅಲ್ಲೇ, ನೀನು ನಿಂತಿದ್ಯಲ್ಲ, ಅಲ್ಲೇ ನಿಂತು ಇದನ್ನ ನೋಡ್ದೆ. ಒಂದ್ಸಲ ಹತ್ತಿ ಬರ್ತೀನಿ ಅಂದೆ. ಮುಂದಿನ ಸಲ ಹತ್ತೀಯಂತೆ, ನಡಿ ಅಂದ್ರು. ಅಷ್ಟ್ರಲ್ಲಿ ಶಾಲು ಜಾರ್ತು. ಸರಿಮಾಡ್ಕೊಳ್ಳೋಕೆ ಹೆಗಲ ಮೇಲೆ ಕೈ ಇಟ್ಟೆ."

"ಮತ್ತೆ ಈರುಳ್ಳಿ ಅಂತ ಊರಿಗೆಲ್ಲ ಯಾಕೆ ಹೇಳಿದ್ರಿ?"

"ಸೂಲಗಿತ್ತಿ ಮಗು ತಿರುಗಿಸಿ ನೋಡಿ, ಇದೇನಿದು ಈರುಳ್ಳಿ ಥರ ಅಂದ್ಲು. ಹೂಂ ಅಂದ್ಬಿಟ್ಟೆ. ಇನ್ನೇನ್ ಹೇಳ್ಲಿ? ಈರುಳ್ಳಿ ಬೇಕಿತ್ತು ಅಂದ್ರೆ ಪಾಪ ಬಸುರಿ ಬಯಕೆ ಅಂತಾರೆ. ಎತ್ತರ ಹತ್ತಿ ಊರು ನೋಡ್ಬೇಕಿತ್ತು ಅಂದ್ರೆ ಕೊಬ್ಬು ಅಂತಾರೆ." ಅವರು ಮತ್ತೆ ಕೆಳಗೆ ನೋಡಿದರು. "ಮುಂದಿನ ಸಲ ಅಂತ ನಿಂಗೆ ಹೇಳ್ದಾಗ ಆ ಮುದುಕೀನೇ ನನ್ನ ಬಾಯಲ್ಲಿ ಮಾತಾಡಿದ ಹಾಗಾಯ್ತು. ಆ ಮುಂದಿನ ಸಲ ನಂಗೆ ಬರ್ಲೇ ಇಲ್ವಲ್ಲೇ ಒರ್ನೆಲ್ಲಾ."

"ಬಂತಲ್ಲ ಅತ್ತೆ, ಇವತ್ತು!" ಎಂದು ತಬ್ಬಿಕೊಂಡೆ. ನಡುವೆ ಹೊಟ್ಟೆ ಅಡ್ಡ ಬಂತು. ಒಳಗಿನಿಂದ ಮತ್ತೊಂದು ಒದೆತ ಬಿತ್ತು, ಈ ಸಲ ಇಬ್ಬರಿಗೂ ತಿಳಿಯಿತು. ಅತ್ತೆ ಅಳುತ್ತಲೇ ನಕ್ಕರು. ಆಮೇಲೆ ನನ್ನ ಕೈ ಹಿಡಿದು ತಾವೇ ಎತ್ತಿ ನನ್ನ ಕೆನ್ನೆಯ ಮೇಲೆ ಇಟ್ಟರು.

"ಈಗ ಎಲ್ಲಿ ಬೇಕಾದ್ರೂ ಮುಟ್ಕೋ," ಎಂದರು. "ಕಾನಿಯೊಗೆ ಮಾತ್ರ ಹೇಳ್ಬೇಡ. ಇಷ್ಟು ವರ್ಷ ಈರುಳ್ಳಿ ಮೇಲೆ ಸುಮ್ನೆ ಸಿಟ್ಟು ಮಾಡ್ಕೊಂಡಿದ್ದೆ ಅಂತ ಗೊತ್ತಾದ್ರೆ ನನ್ನ ಬಿಡಲ್ಲ."

ಬೆಳಿಗ್ಗೆಯಿಂದ ತಡೆದುಕೊಂಡಿದ್ದ ಮೂಗನ್ನು ಮನಸಾರೆ ತುರಿಸಿಕೊಂಡೆ. ಅಲ್ಲೇ ಕಂಬಿಗೆ ಒರಗಿ, ಯಾವುದು ಯಾವ ಚರ್ಚು, ಯಾವ ಮನೆಯ ಬಟ್ಟೆ ಒಣಗಿಲ್ಲ ಎಂದು ಇಬ್ಬರೂ ಬೆರಳು ಮಾಡಿ ತೋರಿಸುತ್ತಾ, ಕಾವಲುಗಾರ ಬಂದು ಹೊರಡಿಸುವವರೆಗೆ ನಿಂತೆವು.

ಸಂಜೆ ಲಾರಿಯಲ್ಲಿ ನಾನು ನಡುವೆ ಕುಳಿತೆ. ಅತ್ತೆ ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡರು. ಸಿಗ್ನಲ್ಲಿನಲ್ಲಿ ಲಾರಿ ನಿಂತಾಗ ನಾನು ಕಾನಿಯೊನ ಅಂಗಿಯ ಕಾಲರು ಹಿಡಿದು ಹೆಗಲಿನಿಂದ ಕೆಳಗೆ ಜಗ್ಗಿದೆ. ದುಂಡನೆಯ ಗುಮ್ಮಟ, ತುದಿಯಲ್ಲಿ ಪುಟ್ಟ ಗೋಪುರ. ಹಿಂದಿನ ಕನ್ನಡಿಯಲ್ಲಿ ನಿಜವಾದದ್ದು ಸಂಜೆಬೆಳಕಿನಲ್ಲಿ ಸಣ್ಣದಾಗಿ ಕಾಣುತ್ತಿತ್ತು.

"ಏಯ್, ಏನ್ ಮಾಡ್ತಿದ್ದೀಯೆ? ಜನ ನೋಡ್ತಾರೆ!" ಎಂದ ಕಾನಿಯೊ. "ಏನ್ ನೋಡ್ತಿದ್ದೀಯ ಅಲ್ಲಿ?"

"ರೋಮ್ ನೋಡ್ತಿದ್ದೀನಿ," ಎಂದೆ.

ಅವನಿಗೆ ಏನೂ ಅರ್ಥವಾಗಲಿಲ್ಲ. ಕಿಟಕಿಯ ಪಕ್ಕ ನಿದ್ದೆ ಮಾಡುತ್ತಿದ್ದ ಅತ್ತೆಯ ಹೊಟ್ಟೆ ಮಾತ್ರ ನಗು ತಡೆಯಲಾರದೆ ಕುಲುಕುತ್ತಿತ್ತು.