ತಡವಾಗಿ ಬರುವ ಕ್ಲಾರಿನೆಟ್

ಅವನನ್ನು ಎಳೆದು ತಂದು ಸಾಲಿನಲ್ಲಿ ನಿಲ್ಲಿಸಿಬಿಟ್ಟರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಇಲ್ಲದವನಿಗೆ ನೋವಾಗುವುದಾದರೂ ಹೇಗೆ? ಅಂಬರೇಶ ಮೌಸಿನ ಮೇಲೆ ಬೆರಳಿಟ್ಟುಕೊಂಡು ಪರದೆಯನ್ನೇ ನೋಡುತ್ತ ಕುಳಿತಿದ್ದ. ಪರದೆಯ ತುಂಬ ಒಂದರ ಕೆಳಗೊಂದು ಬಣ್ಣದ ಪಟ್ಟಿಗಳು, ಪಟ್ಟಿಗೊಂದು ವಾದ್ಯ. ಪಿಟೀಲುಗಳು, ಕೊಳಲುಗಳು, ಕಹಳೆಗಳು, ನಗಾರಿ. ಕಂಪ್ಯೂಟರಿನೊಳಗೆ ಅವನೊಬ್ಬನೇ ಕಟ್ಟಿದ ಅರವತ್ತು ಜನರ ಮೇಳ. ಅವರಲ್ಲಿ ಒಬ್ಬ ಮಾತ್ರ, ಕ್ಲಾರಿನೆಟ್ಟಿನವನು, ಉಳಿದವರೆಲ್ಲ ಬಂದ ಮೇಲೆ ಒಂದು ಉಸಿರಿನಷ್ಟು ತಡವಾಗಿ ಬರುತ್ತಿದ್ದ. ಅವನ ಸ್ವರದ ಗೆರೆಯನ್ನು ಹಿಡಿದು ತುಸು ಎಡಕ್ಕೆ ಸರಿಸಿದರೆ ಕೆಲಸ ಮುಗಿಯುತ್ತಿತ್ತು.

ಬೆಳಿಗ್ಗೆ ಶೈಲಶ್ರೀ ಫೋನಿನಲ್ಲಿ ಹೇಳಿದ್ದೂ ಅದನ್ನೇ. ಹೈದರಾಬಾದಿನಲ್ಲಿ ವಿಡಿಯೋ ಗೇಮ್ ತಯಾರಿಸುವ ಕಂಪನಿಯೊಂದರಲ್ಲಿ ಸಂಗೀತದ ಹೊಣೆ ಅವಳದು. ತವರು ಸೇಡಂ, ಹಾಗಾಗಿ ಮುಖವನ್ನೇ ನೋಡದ ಈ ಅಂಬರೇಶನೊಡನೆ ಊರ ಮಾತಿನಲ್ಲೇ ಮಾತಾಡುತ್ತಿದ್ದಳು.

"ಅಣ್ಣಾ, ಈ ಸಲ ಖರೇನೇ ಮಂದಿ ಕುಂತು ಬಾರಿಸಿದಂಗ ಅದ. ಮೈ ಝುಂ ಅಂತು. ಆದ್ರ ಆ ಕ್ಲಾರಿನೆಟ್ ಒಂದು ಯಾಕ ಹಂಗ ಲೇಟ್ ಬರ್ಲತ್ತದ? ನಮ್ಮ ಸಾಹೇಬ್ರು ಅದಕ್ಕೇ ತಕರಾರ ತಗದಾರ. ಸಂಜೀಕ ಸರಿ ಮಾಡಿ ಕಳಸ್ರಿ. ಇಲ್ಲಾಂದ್ರ ಪೂರಾ ಕೆಲಸ ಮುಂಬೈದವ್ರಿಗೆ ಕೊಡ್ತಾರಂತ ನೋಡ್ರಿ."

ಐದು ತಿಂಗಳಿಂದ ಅವನು ಇದೊಂದಕ್ಕೇ ಅಂಟಿಕೊಂಡಿದ್ದ. ಆಟದ ಕೊನೆಯ ಭಾಗ ಅದು. ಯುದ್ಧ ಮುಗಿಸಿದ ಸೈನಿಕನೊಬ್ಬ ತನ್ನ ಊರಿಗೆ ಮರಳುತ್ತಾನೆ. ಮನೆಗಳ ಬಾಗಿಲು ತೆರೆದೇ ಇವೆ, ಒಳಗೆ ಯಾರೂ ಇಲ್ಲ. ಅವನು ಆ ಬೀದಿಯಲ್ಲಿ ನಡೆದುಹೋಗುವಷ್ಟು ಹೊತ್ತು ಕೇಳಬೇಕಾದ ಸಂಗೀತ. ಎರಡು ಸಲ ಕಳಿಸಿದ್ದು ಎರಡು ಸಲವೂ ಮರಳಿ ಬಂದಿತ್ತು. ಸ್ವರ ಚೆನ್ನಾಗಿದೆ, ಆದರೆ ಯಂತ್ರ ನುಡಿಸಿದಂತಿದೆ ಎಂದಿದ್ದರು. ಅದು ನಿಜವೂ ಆಗಿತ್ತು. ಅರವತ್ತು ಜನ ಒಂದೇ ಕ್ಷಣಕ್ಕೆ ಬಾಯಿ ತೆರೆದು ಒಂದೇ ಕ್ಷಣಕ್ಕೆ ಮುಚ್ಚುತ್ತಿದ್ದರು.

ಅಷ್ಟು ದೊಡ್ಡ ಮೇಳವನ್ನು ಅಂಬರೇಶ ಕಣ್ಣಾರೆ ಕಂಡವನಲ್ಲ. ಅವನು ಕಂಡದ್ದು ಒಂದು ಕಾಲಕ್ಕೆ ತಾನೂ ನುಡಿಸುತ್ತಿದ್ದ ಶಹಾಬಾದಿನ ಫಕೀರಸಾಬರ ಮದುವೆ ಬ್ಯಾಂಡು. ಮೂರನೆಯ ಸಲ ಕುಳಿತಾಗ ಬೇರೆ ದಾರಿ ಕಾಣದೆ ಆ ಬ್ಯಾಂಡಿನವರನ್ನೇ ಒಬ್ಬೊಬ್ಬರಾಗಿ ಒಳಗೆ ಕರೆದ. ಅವಸರದ ಸಾಯಬಣ್ಣನನ್ನು ಮೊದಲ ಪಿಟೀಲಿಗೆ ಕೂರಿಸಿ ಅವನ ಸ್ವರಗಳನ್ನು ಕೂದಲೆಳೆಯಷ್ಟು ಮುಂದಕ್ಕೆ ತಳ್ಳಿದ. ಮೊದಲು ಜೋರಾಗಿ ಊದಿ ಆಮೇಲೆ ನಾಚಿ ತಗ್ಗುತ್ತಿದ್ದ ಶಾಂತಕುಮಾರನಿಗೆ ಕಹಳೆ ಕೊಟ್ಟ. ನಗಾರಿ ಫಕೀರಸಾಬರಿಗೆ. ಕ್ಲಾರಿನೆಟ್ ಮಶಾಕನಿಗಲ್ಲದೆ ಮತ್ಯಾರಿಗೆ? ಆ ಪಟ್ಟಿಯನ್ನು ಮುಟ್ಟಿದಾಗ ಅವನ ಕೈ ತಾನಾಗಿ ತಡವಾಯಿತು. ಮಶಾಕ ನಾಲಿಗೆಯಿಂದ ಕ್ಲಾರಿನೆಟ್ಟಿನ ಬಾಯಿಗೆ ಕಟ್ಟಿದ ಬೆತ್ತದ ಸೀಳನ್ನು ಒದ್ದೆ ಮಾಡಿಕೊಂಡು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದು ಆಮೇಲೆ ಊದುವವನು. ಅಷ್ಟರಲ್ಲಿ ತಾಳ ಮುಂದೆ ಹೋಗಿರುತ್ತಿತ್ತು.

ಮಧ್ಯಾಹ್ನ ಕರೆಂಟು ಹೋಗಿ ಇನ್ವರ್ಟರ್ ಕುಯ್ಯೆನ್ನತೊಡಗಿದಾಗ ಅಂಬರೇಶ ಫೋನು ಹಚ್ಚಿದ್ದು ಮಶಾಕನಿಗೇ. ತಾನಿರುವ ವಾಡಿಯಲ್ಲಿ ಬ್ಯಾಟರಿ ರಿಪೇರಿಯವರು ಇಲ್ಲದೇ ಇರಲಿಲ್ಲ. ಆದರೂ ಬ್ಯಾಂಡು ಬಿಟ್ಟ ಮೇಲೆ ಶಹಾಬಾದಿನಲ್ಲಿ ಅದೇ ಕೆಲಸ ಹಿಡಿದಿದ್ದ ಅವನಿಗೇ ಹಚ್ಚಿದ.

ಮಶಾಕ ಬೈಕಿನಲ್ಲಿ ಬಂದು, ಚಪ್ಪಲಿ ಹೊರಗೆ ಬಿಟ್ಟು, ಫರಸಿಕಲ್ಲಿನ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು ಬ್ಯಾಟರಿಯ ಬಿರಡೆಗಳನ್ನು ತಿರುವಿದ. ಗಡ್ಡದಲ್ಲಿ ಅಲ್ಲಲ್ಲಿ ಬಿಳಿ ಇಣುಕುತ್ತಿತ್ತು.

"ಬ್ಯಾಟರಿ ಛಲೋ ಅದರಿ ಮಾಸ್ತರ. ನೀರ ಕಮ್ಮಿ ಆಗ್ಯದ ಅಷ್ಟೇ. ಇಷ್ಟಕ್ಕ ಶಹಾಬಾದಿಂದ ಕರೆಸೀರಿ? ವಾಡಿದಾಗ ನೀರ ಸಿಗಂಗಿಲ್ಲೇನು?"

ಒಂದು ಕಾಲಕ್ಕೆ 'ಅಂಬ್ಯಾ' ಎಂದು ಬೀದಿಯ ತುದಿಯಿಂದ ಕೂಗುತ್ತಿದ್ದವನು ದಂಡೋತಿಯಲ್ಲಿ ಬಾರಿಸಿದ ಒಂದು ಮದುವೆಯ ನಂತರ 'ಮಾಸ್ತರ' ಎನ್ನತೊಡಗಿದ್ದ. ಜೊತೆಗೆ ಈ 'ರಿ'. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಂಬರೇಶನಿಗೆ ಹಗುರವಾಗುತ್ತಿತ್ತು.

"ಚಾ ಕುಡಿ," ಎಂದ ಅಂಬರೇಶ.

"ಕುಡೀತೀನಿ, ಯಾಕ ಬ್ಯಾಡ? ಮತ್ತ ಇದೇನ್ ನಡಸೀರಿ? ಪರದೀ ಮ್ಯಾಲ ದರ್ಗಾದ ಚಾದರ ಹಾಸಿದಂಗ ಅದ."

"ಗೇಮಿಂದು ಮ್ಯೂಸಿಕ್. ಅರವತ್ತ ಮಂದಿ ಬಾರಿಸ್ಲತ್ತಾರ."

"ಅರವತ್ತ ಮಂದಿ!" ಮಶಾಕ ಕೋಣೆಯ ಒಂದೇ ಕುರ್ಚಿಯನ್ನೂ ಮೂಲೆಯ ಒಂದೇ ತಾಟನ್ನೂ ನೋಡಿ ನಕ್ಕ. "ಛಲೋ ಆತು. ಇವ್ರು ಬಿರ್ಯಾನಿ ಕೇಳಂಗಿಲ್ಲ, ಬೀಗರ ಜೋಡಿ ಜಗಳ ತಗಿಯಂಗಿಲ್ಲ. ಫಕೀರಸಾಬ ಚಾಚಾ ಇದ್ದಿದ್ರ ಇಂಥಾ ಬ್ಯಾಂಡೇ ಬೇಕಂತಿದ್ರು."

"ನೀ ಊದತೀದಿ ಏನು ಈಗೂ?"

"ಎಲ್ಲೀದು. ಸಣ್ಣ ಮಗಳು ತಬಸ್ಸುಮ್ ಅದರಾಗ ನೀರ ತುಂಬಿ ಆಡ್ತಾಳ," ಎಂದು ಮಶಾಕ ಬಟ್ಟಿ ಇಳಿಸಿದ ನೀರಿನ ಡಬ್ಬಿಯನ್ನು ಬಗ್ಗಿಸಿ, ಒಂದು ಹನಿಯೂ ಚೆಲ್ಲದಂತೆ ಬ್ಯಾಟರಿಗೆ ಹೊಯ್ದ.

ಅಂಬರೇಶನಿಗೆ ದಂಡೋತಿ ನೆನಪಾಯಿತು. ಕಾಗಿಣಾ ನದಿಯ ದಂಡೆಯ ಆ ಮದುವೆಗೆ ಅವನು ಹೊಸ ಕೀಬೋರ್ಡ್ ಹೊತ್ತು ಹೋಗಿದ್ದ. ಡೋಲು, ತಾಳ ಎಲ್ಲ ಅದರೊಳಗೇ ಇದ್ದವು. ಅದುವರೆಗೆ ಮಶಾಕ ಉಸಿರೆಳೆಯುವಾಗ ಫಕೀರಸಾಬರು ಕೋಲು ಮೇಲೆತ್ತಿ ಹಿಡಿಯುತ್ತಿದ್ದರು. ಬ್ಯಾಂಡಿನವರೆಲ್ಲ ಆ ಕೋಲನ್ನು ನೋಡುತ್ತ ನಿಲ್ಲುತ್ತಿದ್ದರು. ಕ್ಲಾರಿನೆಟ್ ಬಂತೆಂದರೆ ಕೋಲು ಇಳಿಯುತ್ತಿತ್ತು. ಕೇಳುವವರಿಗೆ ಅದು ತಡವೆಂದು ಅನಿಸುತ್ತಲೇ ಇರಲಿಲ್ಲ. ಅಂದು ಕೀಬೋರ್ಡಿನ ರಿದಮ್ ಹೊಡೆಯುತ್ತಲೇ ಹೋಯಿತು. ಮಶಾಕ ಮೂರು ಸಲ ಉಸಿರೆಳೆದ, ಮೂರು ಸಲವೂ ದಾರಿ ಸಿಗಲಿಲ್ಲ. ಮದುಮಗನ ಗೆಳೆಯರು ಸೀಟಿ ಹಾಕಿ ನಕ್ಕರು. ಅವನು ಕ್ಲಾರಿನೆಟ್ಟನ್ನು ಕೆಳಗಿಳಿಸಿ, ಅಂಗಿಯ ಚುಂಗಿನಿಂದ ಒರೆಸುತ್ತ, ಮೆರವಣಿಗೆಯ ಅಂಚಿಗೆ ಸರಿದು ನಡೆದ. "ತಡಿಯೋ, ಒಂದ್ ಘಳಿಗಿ ನಿಂದ್ರಸು," ಎಂದು ಮಶಾಕ ಕೂಗಿದ್ದನ್ನು ಅಂಬರೇಶ ಕೇಳಿಸಿಕೊಂಡಿದ್ದ. "ಮಷಿನ್ನೋ ಇದು, ನಡುವ ನಿಲ್ಲಂಗಿಲ್ಲ," ಎಂದು ಉತ್ತರವನ್ನೂ ಕೊಟ್ಟಿದ್ದ. ಮಶಾಕ ಅದನ್ನು ನಂಬಿದ. ಆಮೇಲೆ ಮದುವೆಯವರು ಕೀಬೋರ್ಡಿನವನೊಬ್ಬನನ್ನೇ ಕರೆಯತೊಡಗಿದರು. ಬ್ಯಾಂಡು ಯಾರೂ ಮುರಿಯದೆಯೇ ಮುರಿದುಹೋಯಿತು.

"ಕೇಳ್ತಿ ಏನು?" ಎಂದು ಅಂಬರೇಶ ಹೆಡ್‌ಫೋನ್ ಚಾಚಿದ.

ಮಶಾಕ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅದನ್ನು ಕಿವಿಗೇರಿಸಿದ. ಸಂಗೀತ ಅವನೊಬ್ಬನಿಗೇ ಕೇಳುತ್ತಿತ್ತು. ಅಂಬರೇಶ ಅವನ ಮುಖವನ್ನು ಮಾತ್ರ ನೋಡುತ್ತಿದ್ದ. ಕೆಳಗೆ ಸಿಮೆಂಟಿನ ಗೂಡ್ಸ್ ಗಾಡಿಯೊಂದು ಹೊರಟು ಕಿಟಕಿಯ ಸರಳುಗಳು ಅದುರಿದವು. ಪರದೆಯ ಮೇಲಿನ ಗೆರೆ ಸರಿಯುತ್ತ ಸರಿಯುತ್ತ ಕ್ಲಾರಿನೆಟ್ಟಿನ ಜಾಗಕ್ಕೆ ಬಂತು. ಮಶಾಕನ ಕಣ್ಣುಗಳು ಮುಚ್ಚಿದವು. ಎದೆ ಒಂದಿಷ್ಟು ಮೇಲೇರಿತು. ಗುರುತು ಹಿಡಿದ, ಎಂದುಕೊಂಡ ಅಂಬರೇಶ.

ಮಶಾಕ ಹೆಡ್‌ಫೋನ್ ತೆಗೆದು ಮೆಲ್ಲಗೆ ಮೇಜಿನ ಮೇಲಿಟ್ಟ.

"ಭಾಳ ಛಲೋ ಅದರಿ. ಮನಸ್ಸಿಗಿ ಹತ್ತತದ." ಚಾದ ಕಪ್ಪು ಕೈಗೆತ್ತಿಕೊಂಡು ಅಂದ, "ಒಂದ್ ಮಾತ ಅಂದ್ರ ಸಿಟ್ಟಾಗಬ್ಯಾಡ್ರಿ. ಆ ಕ್ಲಾರಿನೆಟ್ಟಿನ ಮಗ ಯಾವನೋ, ಲೇಟಾಗಿ ಬರ್ಲತ್ತಾನ. ಅವನೊಬ್ಬನಿಂದ ಎಲ್ಲಾ ಕೆಡ್ತದ. ತಗದ್ ಒಗೀರಿ ಅವನ್ನ."

ಅಂಬರೇಶ ಬಾಯಿ ತೆರೆದ. ಗೂಡ್ಸ್ ಗಾಡಿ ಇನ್ನೂ ಹೋಗುತ್ತಲೇ ಇತ್ತು. ಅದು ಮುಗಿಯಲೆಂದು ಕಾದ. ಮುಗಿಯುವಷ್ಟರಲ್ಲಿ ಮಶಾಕ ಚಾದ ಕಪ್ಪನ್ನು ಬಚ್ಚಲಲ್ಲಿ ತೊಳೆದು ಬೋರಲಾಗಿಟ್ಟು ಚಪ್ಪಲಿ ಮೆಟ್ಟುತ್ತಿದ್ದ.

"ನೀರ ನೋಡ್ಕೋತ ಇರ್ರಿ ಮಾಸ್ತರ," ಎಂದು ಮೆಟ್ಟಿಲಿಳಿದ.

ಅವನು ಹೋದ ಮೇಲೆ ಅಂಬರೇಶ ಆ ಸ್ವರವನ್ನು ಹಿಡಿದು ಎಡಕ್ಕೆ ಸರಿಸಿದ. ಕೇಳಿದ. ಎಲ್ಲ ಸರಿಯಾಗಿತ್ತು. ಸೈನಿಕ ಬೀದಿಯಲ್ಲಿ ನಡೆದ, ಕ್ಲಾರಿನೆಟ್ ಹೊತ್ತಿಗೆ ಸರಿಯಾಗಿ ಬಂತು, ಆ ಊರಿನಲ್ಲಿ ಎಂದೂ ಯಾರೂ ಇರಲೇ ಇಲ್ಲ ಎನ್ನುವಂತೆ. ಕಳಿಸಬಹುದಿತ್ತು. ಕಳಿಸುವ ಗುಂಡಿಯ ತನಕ ಹೋದ ಬೆರಳು ಅಲ್ಲೇ ನಿಂತಿತು.

ಅವನು ಕ್ಲಾರಿನೆಟ್ಟನ್ನು ಮೊದಲಿದ್ದ ಜಾಗಕ್ಕೇ ತಂದಿಟ್ಟ. ಆಮೇಲೆ ನಗಾರಿಯಿಂದ ಶುರುಮಾಡಿದ. ಫಕೀರಸಾಬರ ಏಟನ್ನು ಮೇಲೆತ್ತಿ ಹಿಡಿದಂತೆ ತುಸು ಬಲಕ್ಕೆ ಸರಿಸಿದ. ಅವಸರದ ಸಾಯಬಣ್ಣನನ್ನೂ ತಡೆದ. ಶಾಂತಕುಮಾರನ ಉಸಿರನ್ನು ಉದ್ದ ಮಾಡಿದ. ಪಿಟೀಲುಗಳ ಹಿಂದಿನ ಸ್ವರವನ್ನು ಒಂದೊಂದಾಗಿ ಎಳೆದು, ಕಮಾನು ಮುಗಿಯುವ ತನಕ ಹಿಡಿದು ನಿಲ್ಲಿಸಿದ. ಅರವತ್ತು ಪಟ್ಟಿಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಕೈಯಿಂದಲೇ ಸರಿಸಿ ಮುಗಿಸುವಾಗ ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು. ಕೇಳಿದಾಗ ಎಲ್ಲರೂ ಒಂದು ಕ್ಷಣ ನಿಂತರು, ಕ್ಲಾರಿನೆಟ್ ಬಂತು, ಆಮೇಲೆ ಎಲ್ಲರೂ ನಡೆದರು. ಅದನ್ನೇ ಕಳಿಸಿದ.

ಶೈಲಶ್ರೀಯ ಫೋನು ಬಂದಾಗ ಇನ್ನೂ ಬೆಳಕಿತ್ತು.

"ಪಾಸ್ ಆತು ಅಣ್ಣಾ! ಸಾಹೇಬ್ರು ಎರಡ ಸಲ ಕೇಳಿದ್ರು. ಈಗ ನೋಡ್ರಿ, ಕ್ಲಾರಿನೆಟ್ ಕರೆಕ್ಟ್ ಟೈಮಿಗಿ ಬಂತು. ಎಷ್ಟ್ ಸರಸಿದ್ರಿ ಅದಕ್ಕ?"

"ಅದನ್ನ ಮುಟ್ಟಿಲ್ಲವ್ವ," ಎಂದ ಅಂಬರೇಶ.

ಅವಳು ತಮಾಷೆಯೆಂದುಕೊಂಡು ನಕ್ಕು ಫೋನಿಟ್ಟಳು. ಬಚ್ಚಲ ಕಟ್ಟೆಯ ಮೇಲೆ ಬೋರಲಾಗಿದ್ದ ಕಪ್ಪಿನ ಸುತ್ತ ನೀರು ಆರಿ ಗೆರೆಯೊಂದು ಉಳಿದಿತ್ತು. ಅಂಬರೇಶ ಫೋನಿನಲ್ಲಿ ಮಶಾಕನ ಹೆಸರು ತೆಗೆದು, ಅದು ತಾನಾಗಿ ಮಸುಕಾಗುವ ತನಕ ನೋಡಿದ. ದಂಡೋತಿಯ ಆ ಮೆರವಣಿಗೆಯಲ್ಲಿ ಮಷಿನ್ನನ್ನು ನಡುವೆ ನಿಲ್ಲಿಸಬಹುದಿತ್ತು, ತಾನೇ ನಿಲ್ಲಿಸಲಿಲ್ಲ ಎಂಬುದನ್ನು ಅವನು ಮಶಾಕನಿಗೆ ಎಂದೂ ಹೇಳಲಿಲ್ಲ.