ಬೆನ್ನ ಹಿಂದಿನ ಚಕ್ರ

ಬಸ್ ಡಿಪೋದಲ್ಲಿ ಅವನಿಗೆ ದಾರ ಎಂದೇ ಹೆಸರು. ಎಂಥ ಇಕ್ಕಟ್ಟಿನ ಓಣಿಯಲ್ಲೂ ಸೂಜಿಗೆ ದಾರ ಪೋಣಿಸಿದಂತೆ ಬಸ್ಸನ್ನು ತೂರಿಸುತ್ತಿದ್ದ. ಅಂಥವನು ಹೊಸ ಬಸ್ಸಿನ ಎಡಮಗ್ಗುಲನ್ನು ಮತ್ತೆ ಮತ್ತೆ ಗೇಟಿನ ಕಂಬಕ್ಕೆ ಉಜ್ಜಿದ್ದ.

"ಏನೋ, ದಾರ ಗಂಟು ಬಿತ್ತಾ?" ಎಂದು ಮೆಕ್ಯಾನಿಕ್ ನಕ್ಕ.

ಚಾಲಕರಿಗೆ ತರಬೇತಿ ಕೊಡುವ ಕನ್ನಡಿಮಾಮ ನಗಲಿಲ್ಲ. "ನಾಳೆ ಇನ್ನೊಂದ್ಸಲ ನೋಡ್ತೀನಪ್ಪ. ತಾಗಿಸಿದ್ರೆ ರೂಟು ಬೇರೆಯವರಿಗೆ, ನೀನು ಬಸ್ ತೊಳೆಯೋ ಶೆಡ್‌ಗೆ."

ಕಣ್ಣೇನೋ ಸರಿಯಾಗಿಯೇ ಇತ್ತು. ಹಳೆಯ ಬಸ್ಸಿನಲ್ಲಿ ಮುಂದಿನ ಚಕ್ರ ಹೆಚ್ಚುಕಡಿಮೆ ಅವನ ಕಾಲಡಿಯೇ ಇತ್ತು. ಮೂಲೆ ಭುಜದ ನೇರಕ್ಕೆ ಬಂದೊಡನೆ ಸ್ಟೀರಿಂಗ್ ತಿರುಗಿಸಿದರೆ ಸಾಕಿತ್ತು. ಹೊಸದರಲ್ಲಿ ಸೀಟು ಚಕ್ರಕ್ಕಿಂತ ಮುಂದಿದೆ. ತಾನು ಮೂಲೆ ದಾಟಿದರೂ ಚಕ್ರ ಹಿಂದೆಯೇ ಇರುತ್ತದೆ. ತಲೆಗೆ ಇದು ಗೊತ್ತು. ಭುಜ ಮಾತ್ರ ಹಳೇ ಚಾಳಿ ಬಿಡದೆ ಮೊದಲೇ ಹೊರಳುತ್ತಿತ್ತು.

ಸಂಜೆ ಮನೆಯಲ್ಲಿ ಮಂಚವನ್ನು ಒಳಕೋಣೆಗೆ ಸಾಗಿಸುವ ಕೆಲಸವಿತ್ತು. ಅವನು ಮುಂದೆ, ಹೆಂಡತಿ ಹಿಂದೆ. ಬಾಗಿಲ ಬಳಿ ಅವನು ಹೊರಳಿದ. ಮಂಚದ ಪಟ್ಟಿ ಚೌಕಟ್ಟಿಗೆ ಬಡಿದು ಅವಳ ಕೈ ಜುಮ್ಮೆಂದಿತು.

"ರೀ! ನೀವು ತಿರುಗಿದ್ರೆ ನಾನೂ ತಿರುಗಿದ ಹಾಗಾ?"

"ಎದುರಿಗೆ ಗೋಡೆ ಇದೆ ಕಣೇ, ಎಲ್ಲಿಗೆ ಹೋಗ್ಲಿ?"

"ಗೋಡೆಗೆ ಮೂಗು ತಾಗೋವರೆಗೂ ಹೋಗಿ. ನಾನು ಹ್ಞೂಂ ಅಂದ್ಮೇಲೆ ತಿರುಗಿ."

ಅವನು ಹೋದ. ಗೋಡೆಯ ಸುಣ್ಣದ ವಾಸನೆ ಮೂಗಿಗೆ ಬಡಿದಾಗ ಅವಳು ಹ್ಞೂಂ ಎಂದಳು. ಮಂಚ ಬೆಣ್ಣೆಯಂತೆ ಜಾರಿತು.

"ಹೊರಗೆ ತಂದು ಇನ್ನೊಂದ್ಸಲ ಒಯ್ಯೋಣ್ವಾ?" ಎಂದ.

"ತಲೆ ನೆಟ್ಟಗಿದೆ ತಾನೆ?" ಎಂದಳು, ಆದರೂ ಹಿಡಿದಳು. ಸಾಗಿಸಿ ಸಾಗಿಸಿ ಕೊನೆಗೆ ಅವಳ ಹ್ಞೂಂ ಬೇಕಾಗಲಿಲ್ಲ. ಹಿಂದಿನ ತುದಿ ಎಲ್ಲಿದೆಯೆಂದು ಅವನ ಸೊಂಟಕ್ಕೇ ತಿಳಿಯುತ್ತಿತ್ತು.

ಮರುದಿನ ಬೆಳಿಗ್ಗೆ ಕನ್ನಡಿಮಾಮ ಗೇಟಿನಾಚೆ ನಿಂತ. ಕಂಬ ಭುಜದ ನೇರಕ್ಕೆ ಬಂತು. ದಾರನ ಕೈ ತುಡಿಯಿತು, ತಡೆದುಕೊಂಡ. ಕಂಬ ಹಿಂದೆ ಸರಿದು ಎದುರಿನ ಗೋಡೆ ಗಾಜಿನ ತುಂಬ ಹಿಗ್ಗಿತು. ಕಾಲು ಬ್ರೇಕನ್ನು ಬೇಡಿತು. ಇನ್ನೂ ಸ್ವಲ್ಪ. ಬೆನ್ನ ಹಿಂದೆ ಮಂಚದ ತುದಿ ಚೌಕಟ್ಟು ದಾಟಿದಂತೆನಿಸಿತು. ಆಗ ತಿರುಗಿಸಿದ. ಎಡಗನ್ನಡಿಯಲ್ಲಿ ಕಂಬ ಸುಮ್ಮನೆ ನಿಂತು ಬಸ್ಸಿಗೆ ದಾರಿ ಬಿಟ್ಟಿತು.

"ರೂಟ್ ನಿಂದೇ, ಹೋಗು," ಎಂದ ಕನ್ನಡಿಮಾಮ.

ಸಂಜೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಬೀದಿಯಲ್ಲಿ ನಡೆದು ಬಂದ ಗಂಡ ಮನೆಯ ಬಾಗಿಲನ್ನು ದಾಟಿ, ಪಕ್ಕದ ಮನೆಯ ಕಿಟಕಿಯವರೆಗೂ ಹೋಗಿ, ಅಲ್ಲಿಂದ ಗಂಭೀರವಾಗಿ ಹೊರಳಿದ.

"ಎಲ್ಲಿಗ್ರೀ ಸವಾರಿ?" ಎಂದಳು. ಅವನ ಮುಖ ನೋಡಿದ ಮೇಲೆ ಪಕ್ಕಕ್ಕೆ ಸರಿದು ಕೈಬೀಸಿದಳು. "ಬನ್ನಿ, ಬನ್ನಿ... ಹ್ಞೂಂ."