ಜ್ಯಾಕಿನ ಜಾಗ

ಬೆಳಗಾವಿಯ ಶಹಾಪುರದ ಬಸಲಿಂಗಪ್ಪನಿಗೆ ಕೆಲಸ ಶುರು ಮಾಡುವ ಹುರುಪು ಎಷ್ಟಿತ್ತೋ ಮುಗಿಸುವ ಹುರುಪು ಅಷ್ಟೇ ಕಮ್ಮಿ. ಮನೆಯ ಅಟ್ಟದ ಮೇಲೆ ಬಿಚ್ಚಿಟ್ಟ ರೇಡಿಯೋ ಇತ್ತು, ಒಂದು ಕಾಲಿಲ್ಲದ ಕುರ್ಚಿ ಇತ್ತು, ಜೇನುಹುಳ ಒಮ್ಮೆಯೂ ಇಣುಕಿ ನೋಡದ ಜೇನುಪೆಟ್ಟಿಗೆ ಇತ್ತು. ಅಟ್ಟ ಗುಡಿಸುವಾಗಲೆಲ್ಲ ಹೆಂಡತಿ ಶಿವಬಸವ್ವನ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಇನ್ನೊಂದ ಏನರ ಶುರು ಮಾಡಿದ್ರ, ನಾವು ಅಟ್ಟದ ಮ್ಯಾಲ ಮಲಗಿ ಸಾಮಾನು ಕೆಳಗ ಇಡಬೇಕಾಗ್ತೈತಿ ನೋಡ್ರಿ."

ಹೊಟ್ಟೆಪಾಡಿಗೆ ಅವನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದೇವರ ಪಟ, ಮದುವೆಯ ಫೋಟೋ, ತೀರಿಹೋದ ಹಿರಿಯರು, ಎಲ್ಲರೂ ಅವನ ಕೈ ದಾಟಿಯೇ ಗೋಡೆ ಏರಬೇಕು. ಕಟ್ಟಿನ ಪಟ್ಟಿ ಮಾತ್ರ ಹೊರ ಊರಿನಿಂದ ಬರುತ್ತಿತ್ತು, ಬಂದದ್ದರಲ್ಲಿ ಅರ್ಧ ಸೊಟ್ಟ. ಖಾನಾಪುರದ ಕಟ್ಟಿಗೆ ಅಡ್ಡೆಗಳಲ್ಲಿ ಸಾಗವಾನಿಯ ತುಂಡುಗಳು ಹಾಗೇ ಬಿದ್ದಿರುವಾಗ ತಾನೇ ಪಟ್ಟಿ ಯಾಕೆ ತಯಾರಿಸಬಾರದು ಎಂಬ ಹುಳ ಅವನ ತಲೆ ಹೊಕ್ಕಿತು. ಎಂಬತ್ತೆರಡನೇ ಇಸವಿಯಲ್ಲಿ ಯಾರನ್ನೋ ಹಿಡಿದು ಮುಂಬೈಯಿಂದ ಒಂದು ಹಳೆಯ ರೌಟರ್ ಯಂತ್ರ ತರಿಸಿದ. ಅಂಥ ದೊಡ್ಡ ಯಂತ್ರವೇನಲ್ಲ. ಒಂದು ಮೋಟಾರು, ಅದರ ಮೂತಿಗೆ ಗರ್ರನೆ ತಿರುಗುವ ಪುಟ್ಟ ಅಲಗು. ಕಟ್ಟಿಗೆಯ ಅಂಚಿನ ಮೇಲೆ ಹಾಯಿಸಿದರೆ ಬೇಕಾದ ಗೀರು, ಬೇಕಾದ ಗುಂಡಗಿನ ಅಂಚು ಮೂಡಬೇಕು.

ಮೂಡಲಿಲ್ಲ. ಕೈಯಲ್ಲಿ ಹಿಡಿದರೆ ಯಂತ್ರವು ಹಗ್ಗ ಬಿಚ್ಚಿದ ಕರುವಿನಂತೆ ಜಗ್ಗಾಡಿತು. ಮೊದಲ ಪಟ್ಟಿ ಹಾರಿ ಅಂಗಡಿಯ ಕಪಾಟಿನ ಗಾಜು ಒಡೆಯಿತು. ಆಗ ಬಸಲಿಂಗಪ್ಪನಿಗೆ ಹೊಳೆಯಿತು: ಯಂತ್ರವನ್ನು ಓಡಾಡಿಸುವುದೇ ತಪ್ಪು, ಅದನ್ನು ಒಂದು ಕಡೆ ನಿಲ್ಲಿಸಿ ಕಟ್ಟಿಗೆಯನ್ನು ಓಡಾಡಿಸಬೇಕು. ಹಳೆಯ ಮನೆಯೊಂದರ ಬಾಗಿಲ ಕದ ತಂದು ಕಾಲು ಹಚ್ಚಿ ಮೇಜು ಮಾಡಿದ. ನಡುವೆ ತೂತು ಕೊರೆದು, ಯಂತ್ರವನ್ನು ಮೇಜಿನ ಕೆಳಗೆ ತಲೆಕೆಳಗು ಮಾಡಿ ಕೂರಿಸಿದ. ಅಲಗು ಮಾತ್ರ ತೂತಿನಿಂದ ಮೇಲೆ ಇಣುಕುತ್ತಿತ್ತು. ಇನ್ನು ಗೀರು ಎಷ್ಟು ಆಳ ಎಂಬುದೆಲ್ಲ ಅಲಗು ಎಷ್ಟು ಇಣುಕುತ್ತದೆ ಎಂಬುದರ ಮೇಲೆ. ಯಂತ್ರದ ಕೆಳಗೆ ಇಟ್ಟಿಗೆ ಇಟ್ಟರೆ ಜಾಸ್ತಿ, ತೆಗೆದರೆ ಕಮ್ಮಿ. ಕೂದಲೆಳೆಯಷ್ಟು ಎತ್ತುವ, ಎತ್ತಿದಲ್ಲೇ ನಿಲ್ಲುವ ಏನಾದರೊಂದು ಬೇಕಿತ್ತು.

ಅದು ಬೇಕಿದ್ದ ಹೊತ್ತಿಗೇ ಅಂಗಡಿಯ ಮುಂದೆ ಅಕ್ಕನ ಗಂಡ ಉಳವಪ್ಪನ ಜೀಪು ಬಂದು ನಿಂತಿತು. ಉಳವಪ್ಪ ಖಾನಾಪುರದವನು. ಖಾನಾಪುರದಿಂದ ಲೋಂಡಾಕ್ಕೆ ಜೀಪಿನಲ್ಲಿ ಜನರನ್ನು ಹೇರಿಕೊಂಡು ಹೋಗುವುದೇ ಅವನ ಕೆಲಸ. ಆವತ್ತು ಹೆಂಡತಿ ಅಕ್ಕವ್ವನನ್ನು ಬೆಳಗಾವಿಯ ಸಂತೆಗೆ ಕರೆತಂದಿದ್ದ. ಬಸಲಿಂಗಪ್ಪನ ಕಣ್ಣು ಜೀಪಿನ ಸೀಟಿನ ಕೆಳಗಿದ್ದ ಜ್ಯಾಕಿನ ಮೇಲೆ ಬಿತ್ತು. ಹಿಡಿಕೆ ತಿರುವಿದಂತೆ ತುಸುತುಸುವೇ ಏರುವ, ಜೀಪನ್ನೇ ಎತ್ತಿ ಹಿಡಿಯುವ ಜ್ಯಾಕು!

"ಮಾವಾರ, ಇದನ್ನೊಂದು ಎಂಟ ದಿನ ಕೊಡ್ರಿ. ತಿರುಗಿ ತಂದ ಕೊಡ್ತೀನಿ."

ಉಳವಪ್ಪ ಹೆಂಡತಿಯ ಮುಖ ನೋಡಿದ. ಅಕ್ಕವ್ವ, "ಕೊಡ್ರಿ, ತಂದ ಕೊಡ್ತೀನಿ ಅನ್ನಾಕತ್ತಾನಲ್ಲ" ಎಂದಳು. ಉಳವಪ್ಪ ಕೊಟ್ಟ.

ಜ್ಯಾಕು ಯಂತ್ರದ ಕೆಳಗೆ ಹೇಳಿ ಮಾಡಿಸಿದಂತೆ ಕೂತಿತು. ಬಸಲಿಂಗಪ್ಪ ಅದಕ್ಕೆ ಬೋಲ್ಟು ಬಿಗಿದು, ಹಿಡಿಕೆಯನ್ನು ಮೇಜಿನ ಬಾಜೂಕ್ಕೆ ಬರುವ ಹಾಗೆ ಮಾಡಿದ. ಸಾಗವಾನಿಯ ಪಟ್ಟಿಯನ್ನು ಅಲಗಿನ ಮೇಲೆ ದೂಡಿದರೆ ಬೆಣ್ಣೆ ಸವರಿದಂಥ ಅಂಚು ಬಂತು. ಜನ್ಮದಲ್ಲಿ ಮೊದಲ ಸಲ ಅವನು ಶುರು ಮಾಡಿದ್ದೊಂದು ಮುಗಿದಿತ್ತು. ಶಿವಬಸವ್ವ ಕೂಡ ಪಟ್ಟಿಯ ಮೇಲೆ ಬೆರಳಾಡಿಸಿ, ಅಟ್ಟದ ಮಾತು ಎತ್ತದೆ ಒಳಗೆ ಹೋದಳು. ಗಂಡನಿಗೆ ಅದೇ ದೊಡ್ಡ ಬಿರುದು.

ಎಂಟು ದಿನ ಕಳೆಯಿತು, ದಸರೆ ಕಳೆಯಿತು, ಮತ್ತೆ ಶ್ರಾವಣ ಬಂತು. ಜೀಪು ಅಂಗಡಿಯ ಮುಂದೆ ನಿಂತಾಗಲೆಲ್ಲ ಬಸಲಿಂಗಪ್ಪ ಮಾತಿಗೆ ಮೊದಲೇ ಚಹಾಕ್ಕೆ ಹೇಳುತ್ತಿದ್ದ. ಉಳವಪ್ಪ ಬರುತ್ತಿದ್ದ, ಚಹಾ ಕುಡಿಯುತ್ತಿದ್ದ, ಮೇಜಿನ ಕೆಳಗೆ ಒಮ್ಮೆ ಬಗ್ಗಿ ನೋಡುತ್ತಿದ್ದ, "ಚಲೋ ಆಗೇತಿ" ಎಂದು ಹೊರಡುತ್ತಿದ್ದ. ಹೊಸ ಜ್ಯಾಕು ತೆಗೆದುಕೊಂಡಿರಬೇಕು ಎಂದು ಬಸಲಿಂಗಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ. ಕೇಳುವ ಧೈರ್ಯ ಮಾತ್ರ ಮಾಡಲಿಲ್ಲ, ಜಾಣ!

ಆ ಶ್ರಾವಣದಲ್ಲಿ ಲೋಂಡಾದ ಭಜನಾ ಮಂಡಳಿಯವರು ಬಸವಣ್ಣನ ದೊಡ್ಡ ಪಟಕ್ಕೆ ಕಟ್ಟು ಹೇಳಿದ್ದರು. ಅದನ್ನು ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಬಸಲಿಂಗಪ್ಪ ಖಾನಾಪುರಕ್ಕೆ ಬಂದ. ಅಕ್ಕನ ಮನೆಯಲ್ಲಿ ಉಂಡು, ಮುಂದಕ್ಕೆ ಜೀಪಿನಲ್ಲೇ ಬರುತ್ತೇನೆ ಎಂದಾಗ ಉಳವಪ್ಪ ತಡವರಿಸಿದ.

"ರೇಲ್ವೇಕ ಹೋಗಪಾ. ಪಟಾ ಬ್ಯಾರೆ ಐತಿ. ಆರಾಮ ಹೋಗ್ತಿ."

ಮಾವನಿಗೆ ತನ್ನ ಮೇಲೆ ಮುನಿಸು ಇದೆ ಎಂದು ಬಸಲಿಂಗಪ್ಪನಿಗೆ ಅನಿಸಿತು. ಆ ಮುನಿಸನ್ನು ಕರಗಿಸಲೆಂದೇ ಹಟ ಹಿಡಿದು ಜೀಪು ಹತ್ತಿದ.

ಕಾಡಿನ ದಾರಿಯಲ್ಲಿ ಅರ್ಧ ಹೋಗುವಷ್ಟರಲ್ಲಿ ಹಿಂದಿನ ಗಾಲಿ ಪಂಕ್ಚರ್ ಆಯಿತು. ಜೀಪು ನಿಂತದ್ದೇ ತಡ, ಯಾರೂ ಹೇಳದೆಯೇ ಜನರೆಲ್ಲ ಇಳಿದರು. ಇಬ್ಬರು ಜೀಪಿನ ಮಗ್ಗುಲಿಗೆ ಕಟ್ಟಿದ್ದ ಉದ್ದನೆಯ ತೊಲೆ ಬಿಚ್ಚಿದರು. ಒಬ್ಬ ದಿಮ್ಮಿ ಇಟ್ಟ. ತೊಲೆಯ ಒಂದು ತುದಿಯನ್ನು ಜೀಪಿನ ಹೊಟ್ಟೆಯ ಕೆಳಗೆ ತೂರಿಸಿ, ಇನ್ನೊಂದು ತುದಿಯ ಮೇಲೆ ಸಾಲಾಗಿ ಕೂತರು. ಎಲ್ಲ ರೂಢಿಯಾದ ಕೆಲಸ. ಮೊರ ಬುಟ್ಟಿ ಮಾರುವ ಕಾಶವ್ವ ಎಂಬ ಮುದುಕಿ ಬಸಲಿಂಗಪ್ಪನ ತೋಳು ಹಿಡಿದು ಜಗ್ಗಿದಳು.

"ಈ ಪಾವ್ಣೇರು ತೂಕದಾಗ ಅದಾರ. ತುದೀಗೆ ಕುಂದರ್ರಿ ನೀವು."

ಬಸಲಿಂಗಪ್ಪ ಕೂತ. ಜೀಪು ನರಳುತ್ತ ಮೇಲೆದ್ದಿತು. ಉಳವಪ್ಪ ಎರಡು ಕಟ್ಟಿಗೆಯ ಬೆಣೆಗಳನ್ನು ಎದುರುಬದುರು ಇಟ್ಟು ಸುತ್ತಿಗೆಯಿಂದ ಬಡಿದು ಅಚ್ಚಿಗೆ ಆಸರೆ ಕೊಡತೊಡಗಿದ.

"ಜ್ಯಾಕು ಇಲ್ಲೇನ್ರಿ?" ಎಂದ ಬಸಲಿಂಗಪ್ಪ.

"ಜ್ಯಾಕಿನ ಸುದ್ದಿ ತೆಗೀಬ್ಯಾಡ್ರಿ!" ಕಾಶವ್ವನಿಗೆ ಹೇಳಲು ಹೊಸ ಕಿವಿ ಸಿಕ್ಕಿತ್ತು. "ಇವರ ಹೇಣ್ತಿ ತಮ್ಮ ಒಬ್ಬಾಂವ ಬೆಳಗಾವ್ಯಾಗ ಅದಾನಂತ. ಎಂಟ ದಿನದಾಗ ಕೊಡ್ತೀನಂತ ಒಯ್ದು ಅದರ ಮ್ಯಾಲ ಏನೋ ಮಶೀನು ಕುಂದ್ರಿಸ್ಯಾನಂತ. ಮಶೀನು ಜ್ಯಾಕಿನ ಮ್ಯಾಲ ಕುಂತೈತಿ, ನಾವು ತೊಲಿ ಮ್ಯಾಲ ಕುಂತೀವಿ!"

ಜೀಪಿನ ಕೆಳಗಿನಿಂದ ಉಳವಪ್ಪ ಜೋರಾಗಿ ಕೆಮ್ಮಿದ. ಕೆಮ್ಮಿದರೆ ಕಾಶವ್ವ ನಿಲ್ಲಿಸುವವಳೇ? ಬಸಲಿಂಗಪ್ಪನಿಗೆ ತೊಲೆಯ ಸಮೇತ ಭೂಮಿಯೊಳಗೆ ಇಳಿದುಹೋಗಬೇಕು ಅನಿಸಿತು. ಆದರೆ ಅವನು ಎದ್ದರೆ ಜೀಪು ಮಾವನ ಮೇಲೆ ಬೀಳುತ್ತಿತ್ತು. ಕೂತಲ್ಲೇ ಕೂತು ಹೇಳಿದ.

"ಆ ತಮ್ಮ ನಾನ ಇದ್ದೀನ್ಬೇ ಯಮ್ಮಾ."

ಗೊಳ್ಳೆಂದು ಎದ್ದ ನಗುವಿಗೆ ತೊಲೆ ಜಿಗಿದಾಡಿತು. "ಅಲ್ಲಾಡಬ್ಯಾಡ್ರೋ! ನಾ ಕೆಳಗದೀನಿ!" ಎಂದು ಉಳವಪ್ಪ ಚೀರಿದ.

ಹೊಸ ಗಾಲಿಯ ನಟ್ಟು ಬಿಗಿಯುವಾಗ ಬಸಲಿಂಗಪ್ಪ ಮಾವನ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಒಂದ ಮಾತು ಕೇಳಬಾರದೇನ್ರಿ? ಹ್ವಾಗಲಿ, ಹೊಸಾದರ ತರಬಾರದ?"

"ತರಾಕ ಹೊಂಟಿದ್ದೆ. ನಿಮ್ಮಕ್ಕ ಬಾಗಲಕ್ಕ ಅಡ್ಡ ನಿಂತ್ಲು." ಉಳವಪ್ಪ ಪಾನಾ ತಿರುವುತ್ತಲೇ ಇದ್ದ. "ಹೊಸಾದು ಮನಿಗೆ ಬಂದ್ರ ನನ್ನ ತಮ್ಮ ಕೊಡಾಂವಲ್ಲ ಅಂತ ನಾನ ಒಪ್ಪಿಕೊಂಡಂಗ ಆಗ್ತೈತಿ ಅಂದ್ಲು. ಕೇಳಬ್ಯಾಡ್ರಿ, ತಾನಾಗೇ ತರ್ತಾನ ಅಂದ್ಲು. ಆಕಿ ಮುಂದ ನಂದೇನ್ ನಡೀತೈತಿ?"

ಲೋಂಡಾದಲ್ಲಿ ಪಟ ನೋಡಿ ಎಲ್ಲರೂ ಹೊಗಳಿದರು. ಒಂದು ಮಾತೂ ಬಸಲಿಂಗಪ್ಪನ ಕಿವಿಗೆ ಹತ್ತಲಿಲ್ಲ. ಅವನಿಗೆ ಬಲು ನಾಚಿಕೆಯಾಗಿತ್ತು, ಅದರ ಜೊತೆಗೆ ಅಕ್ಕನ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತ್ತು. ಯಾರೂ ನಂಬದ ತನ್ನ ಮಾತಿನ ಮೇಲೆ ಅವಳೊಬ್ಬಳು ಜೀಪೊಂದನ್ನು ವರ್ಷವಿಡೀ ಓಡಿಸಿದ್ದಳು.

ಊರಿಗೆ ಬಂದವನೇ ಜ್ಯಾಕಿನ ಬೋಲ್ಟಿಗೆ ಪಾನಾ ಹಾಕಿದ. ಶಿವಬಸವ್ವ ಗಾಬರಿಯಾದಳು. "ದಸರಾದ ಕೆಲಸಾ ರಾಶಿ ಬಿದ್ದೈತಿ. ಬದಲಿ ಏನರ ಹುಡಕಿ ಆಮ್ಯಾಲ ಬಿಚ್ಚರಿ."

"ಬದಲಿ ಹುಡಕೂತನಾ ಅಂದ್ರ ಇನ್ನೊಂದ ವರ್ಷ ಹೊಕ್ಕೈತಿ. ನನ್ನ ಗುಣಾ ನಿನಗ ಗೊತ್ತಿಲ್ಲೇನು?"

ಮೇಜು ಬರಿದಾಯಿತು. ಅಲಗು ತೂತಿನೊಳಗೆ ಇಳಿದು ಮರೆಯಾಯಿತು. ಮುಗಿದ ಒಂದೇ ಒಂದು ಕೆಲಸವೂ ಅಟ್ಟ ಸೇರುವುದೋ ಏನೋ ಎಂದು ಬಸಲಿಂಗಪ್ಪ ಅಟ್ಟದ ಕಡೆ ನೋಡಿದ. ಆಗ ನೆನಪಾದದ್ದು ಮಾವ ಬಡಿಯುತ್ತಿದ್ದ ಬೆಣೆಗಳು. ಒಂದು ಏಟಿಗೆ ಜೀಪು ಒಂದಿಷ್ಟೇ ಏರುತ್ತಿತ್ತು, ಏರಿದಲ್ಲೇ ನಿಲ್ಲುತ್ತಿತ್ತು. ಸಾಗವಾನಿಯಲ್ಲಿ ಉದ್ದನೆಯ ಎರಡು ಬೆಣೆ ಕೆತ್ತಿ, ಒಂದರ ಮೇಲೊಂದು ಜಾರುವ ಹಾಗೆ ಎದುರುಬದುರು ಇಟ್ಟ. ಓಣಿಯ ಹಾಳು ಪವರ್‌ಲೂಮಿನಿಂದ ಉದ್ದನೆಯ ತಿರುಪು ತಂದು ಕೆಳಗಿನ ಬೆಣೆಯನ್ನು ದೂಡಲು ಹಚ್ಚಿದ. ಮೊದಲ ಜೋಡಿ ಸೀಳಿತು. ಎರಡನೆಯದು ಬಿಗಿಯಾಯಿತು. ಮೂರನೆಯದಕ್ಕೆ ಶಿವಬಸವ್ವ ಮೇಣದ ಬತ್ತಿ ತಂದು ಸವರಿದಳು. ತಿರುಪು ತಿರುವಿದರೆ ಅಲಗು ಜ್ಯಾಕಿಗಿಂತ ನಯವಾಗಿ ಮೇಲೆ ಬಂತು.

ದಸರೆಗೆ ಹತಾರು ಪೂಜಿಸುವ ಖಂಡೇಪೂಜೆಯ ದಿನ ಬೆಳಿಗ್ಗೆ, ಬರುವ ಸುದ್ದಿ ಯಾರಿಗೂ ಹೇಳದೆ, ಎಣ್ಣೆ ಹಚ್ಚಿ ಒರೆಸಿದ ಜ್ಯಾಕನ್ನು ಚೀಲದಲ್ಲಿಟ್ಟುಕೊಂಡು ಬಸಲಿಂಗಪ್ಪ ಖಾನಾಪುರದಲ್ಲಿ ಇಳಿದ. ಅಕ್ಕನ ಮನೆಯ ಅಂಗಳದಲ್ಲಿ ಜೀಪು ತೊಳೆದು ನಿಂತಿತ್ತು. ಅದರ ಮುಂದೆ ಕಂಬಳಿ ಹಾಸಿ ಹತಾರುಗಳನ್ನು ಸಾಲಾಗಿ ಜೋಡಿಸಿದ್ದಳು ಅಕ್ಕವ್ವ. ಪಾನಾ, ಸುತ್ತಿಗೆ, ಗಾಳಿ ಹೊಡೆಯುವ ಪಂಪು, ಒಂದು ಬದಿಗೆ ವಿಭೂತಿ ಬಳಿದುಕೊಂಡ ತೊಲೆ. ಪ್ರತಿಯೊಂದರ ಮೇಲೂ ಒಂದು ಚೆಂಡುಹೂವು. ಸಾಲಿನ ನಟ್ಟನಡುವೆ ಮಾತ್ರ ಒಂದಿಷ್ಟು ಜಾಗ ಖಾಲಿ ಇತ್ತು. ಅಲ್ಲಿ ವೀಳ್ಯದೆಲೆ ಇತ್ತು, ಎಲೆಯ ಮೇಲೆ ಹೂವಿತ್ತು, ಹತಾರು ಇರಲಿಲ್ಲ.

"ಇಲ್ಲಿ ಏನೂ ಇಲ್ಲಲ್ಲಬೇ ಅಕ್ಕಾ?"

ಅಕ್ಕವ್ವ ಊದಿನಕಡ್ಡಿ ಹಚ್ಚುತ್ತಿದ್ದಳು. ಅವನು ಬಂದದ್ದಕ್ಕೆ ಅಚ್ಚರಿಯನ್ನೇನೂ ಪಡಲಿಲ್ಲ.

"ಅದು ಜ್ಯಾಕಿನ ಜಾಗಾ. ಹ್ವಾದ ವರ್ಷಾನೂ ಬಿಟ್ಟಿದ್ದೆ," ಎಂದಳು. "ಹೂವು ಬಾಜೂಕ ಸರಿಸಿ ಇಡು, ಪೂಜಿಗಿ ಹೊತ್ತಾಗೇತಿ."